ಶುಕ್ರವಾರ ರಾತ್ರಿ ಒಂದು ಗಂಟೆ

ಓಡುವ ವಸ್ತುವಿಗೆ ವಯಸ್ಸು ನಿಧಾನವಾಗಿ ಆಗುತ್ತದೆ ಎಂದು ಭೌತಶಾಸ್ತ್ರದವರು ಹೇಳಿ ನೂರು ವರ್ಷಕ್ಕೂ ಮೇಲಾಗಿತ್ತು. ಆ ಮಾತನ್ನು ಫ್ರಿಜ್ಜಿನಂತೆ ಬಳಸಬಹುದಲ್ಲ ಎಂದು ಯಾರಿಗೋ ಹೊಳೆಯಿತು. ಹೊಳೆದದ್ದು ಎಲ್ಲಿಯೋ, ಬಂದು ಕೂತದ್ದು ಮಾತ್ರ ಕೆಜಿಎಫ್‌ನಲ್ಲಿ, ಚಿನ್ನ ಮುಗಿದು ಖಾಲಿ ಬಿದ್ದಿದ್ದ ಸುರಂಗದೊಳಗೆ, ಅದಿರು ತೊಳೆದು ಸುರಿದ ಸೈನೈಡ್ ದಿಬ್ಬದ ಪಕ್ಕದಲ್ಲಿ.

ಅದರ ಸರ್ಕಾರಿ ಹೆಸರು ಒಂದೂವರೆ ಸಾಲು ಉದ್ದ. ಊರವರು ಗಾಣ ಅಂದರು, ಅದೇ ನಿಂತಿತು. ಈ ಗಾಣದಲ್ಲಿ ಎತ್ತಿನ ಬದಲು ಪರಮಾಣುಗಳು ಸುತ್ತುತ್ತಿದ್ದವು.

ಕಣ್ಣಿನ ಹಿಂದೆ, ಮೆದುಳಿಗೆ ಒತ್ತಿಕೊಂಡು ಬೆಳೆಯುವ ಕೆಲವು ಗಡ್ಡೆಗಳಿಗೆ ಕತ್ತರಿ ಹಾಕುವಂತಿಲ್ಲ. ಅಂಥ ಗಡ್ಡೆಯೊಳಗೆ ಹೋಗಿ ಕೂತು, ತಾವು ಒಡೆಯುವ ಏಟಿಗೆ ಅದನ್ನು ಸುಟ್ಟುಹಾಕುವ ಪರಮಾಣುಗಳು ಸಿಕ್ಕಿದ್ದವು. ತೊಂದರೆ ಏನೆಂದರೆ ಅವು ರೋಗಿಗಾಗಿ ಕಾಯುತ್ತಿರಲಿಲ್ಲ. ತಯಾರಾದ ನಲವತ್ತು ನಿಮಿಷದಲ್ಲಿ ಅರ್ಧ ಒಡೆದುಹೋಗುತ್ತಿದ್ದವು. ಮತ್ತೆ ನಲವತ್ತು ನಿಮಿಷಕ್ಕೆ ಉಳಿದುದರಲ್ಲಿ ಅರ್ಧ. ಐಸಿನಲ್ಲಿಟ್ಟರೂ ಅಷ್ಟೇ, ಬೆಂಕಿಯಲ್ಲಿಟ್ಟರೂ ಅಷ್ಟೇ. ಅವುಗಳನ್ನು ತಯಾರಿಸುವ ಮೂಲವಸ್ತು ಹಡಗಿನಲ್ಲಿ ಬರುತ್ತಿದ್ದುದು ಮೂರು ತಿಂಗಳಿಗೊಮ್ಮೆ.

ಹಾಗಾಗಿ ಅವನ್ನು ಓಡಿಸಿದರು. ಒಬ್ಬ ರೋಗಿಗೆ ಸಾಕಾಗುವಷ್ಟು ಪರಮಾಣುಗಳ ಒಂದು ಗೊಂಚಲನ್ನು ಕಾಂತಗಳ ಉಂಗುರದೊಳಗೆ ಬಿಟ್ಟು, ಬೆಳಕಿನ ವೇಗಕ್ಕೆ ಒಂದಿಷ್ಟೇ ಕಡಿಮೆ ವೇಗದಲ್ಲಿ ಸುತ್ತಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ಸುತ್ತು. ಬೆಳಕು ಒಂದು ಕಿಲೋಮೀಟರು ಹೋಗಿ ನಿಂತು ತಿರುಗಿ ನೋಡಿದರೆ ಗೊಂಚಲು ಒಂದು ಮೊಳ ಹಿಂದೆ ಇರುತ್ತಿತ್ತು. ಆ ವೇಗದಲ್ಲಿ, ಹೊರಗೆ ನಮಗೆ ಒಂದು ಗಂಟೆ ಕಳೆದರೆ ಗೊಂಚಲಿಗೆ ಎರಡೇ ನಿಮಿಷ. ರೋಗಿ ಸಿದ್ಧವಾಗಿ ಬಂದಾಗ ಗೊಂಚಲನ್ನು ನಿಧಾನಿಸಿ, ಹಿಡಿದು, ಮೇಲಿನ ಆಸ್ಪತ್ರೆಯಲ್ಲಿ ಸೂಜಿಗೆ ತುಂಬುತ್ತಿದ್ದರು.

ಗೇಟಿನ ಮುಂದೆ ಹೂವು ಮಾರುವ ಹೆಂಗಸು ಒಮ್ಮೆ ಕೇಳಿಯೇ ಬಿಟ್ಟಿದ್ದಳು, "ನನ್ ಮಲ್ಲಿಗೆನೂ ಒಂದು ಸುತ್ತು ಹಾಕ್ಸಿ ಮೇಡಂ, ಸಂಜೆಗೆ ಬಾಡೋಗ್ತದೆ." ಅಷ್ಟು ಜೋರಾಗಿ ತಿರುಗಿಸಿದರೆ ಮೊದಲ ಸುತ್ತು ಮುಗಿಯುವುದರೊಳಗೆ ಮಲ್ಲಿಗೆ ಅನ್ನುವುದೇ ಉಳಿಯುವುದಿಲ್ಲ, ಬಿಡಿ ಪರಮಾಣುಗಳಿಗೆ ಮಾತ್ರ ಅದು ಸಾಧ್ಯ ಎಂದು ಜಯಶೀಲಾ ವಿವರಿಸಿದ್ದಳು. "ಮತ್ತೆ ಏನಕ್ಕೆ ಬಂತು ಬಿಡಿ" ಎಂದು ಹೂವಿನವಳು ಮೊಳ ಅಳೆಯಲು ಹೋಗಿದ್ದಳು.

ಜಯಶೀಲಾ ಗಾಣದ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವಳು. ಕೊಠಡಿಯ ಗೋಡೆಯ ಮೇಲೆ ಎರಡು ಗಡಿಯಾರಗಳು. ಒಂದು ನಮ್ಮದು. ಇನ್ನೊಂದು ಗೊಂಚಲಿನದು, ಅದರ ಸೆಕೆಂಡಿನ ಮುಳ್ಳು ಅರ್ಧ ನಿಮಿಷಕ್ಕೊಮ್ಮೆ ಟಕ್ಕೆಂದು ಒಂದು ಹೆಜ್ಜೆ ಇಡುತ್ತಿತ್ತು. ಹೊಸದಾಗಿ ಬಂದವರು ಅದು ಕೆಟ್ಟಿದೆ ಎಂದುಕೊಂಡು ಬ್ಯಾಟರಿ ಹುಡುಕುತ್ತಿದ್ದರು.

ಆ ರಾತ್ರಿ ಉಂಗುರದಲ್ಲಿ ಇದ್ದುದು ಒಂದೇ ಗೊಂಚಲು. ಈ ಸಲದ ಹಡಗಿನ ಕೊನೆಯದು. ಅದು ಮೋನಿಷಾ ಎಂಬ ಒಂಬತ್ತು ವರ್ಷದ ಹುಡುಗಿಗೆ, ಅವಳ ಎಡಗಣ್ಣಿನ ಹಿಂದಿನ ಗಡ್ಡೆಗೆ. ಮುಂದಿನ ಹಡಗಿನವರೆಗೆ ಆ ಕಣ್ಣು ಕಾಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಂಪ್ಯೂಟರು ಅವಳ ಅಪ್ಪನಿಗೆ ಮೆಸೇಜು ಕಳಿಸಿತ್ತು: ಶುಕ್ರವಾರ ರಾತ್ರಿ ಒಂದು ಗಂಟೆಗೆ ಹಾಜರಿರಬೇಕು, ಇಪ್ಪತ್ತನಾಲ್ಕು ಗಂಟೆ ಮುಂಚೆ ಮಾತ್ರೆ ಕೊಟ್ಟಿರಬೇಕು. ಗಡ್ಡೆ ಔಷಧಿಯನ್ನು ಒಳಗೆ ಬಿಟ್ಟುಕೊಳ್ಳಲು ಆ ಮಾತ್ರೆ ಬೇಕಿತ್ತು.

ಒಂದು ಗಂಟೆಯಾಯಿತು. ಹುಡುಗಿ ಬರಲಿಲ್ಲ. ಎರಡಾಯಿತು.

"ಅಕ್ಕಾ, ಫೋನ್ ಸ್ವಿಚ್ ಆಫ್" ಎಂದ ನಯಾಜ್. ಕಾಂತಗಳನ್ನು ನೋಡಿಕೊಳ್ಳುವವನು ಅವನೇ. "ಏನ್ ಮಾಡೋಣ? ರೂಲ್ಸ್ ಪ್ರಕಾರ ಎರಡು ಗಂಟೆ ಕಾದು ಚೆಲ್ಲಬೇಕು."

"ಇನ್ಯಾರಿಗೂ ಜಾಗ ಬೇಕಾಗಿಲ್ಲವಲ್ಲ ನಯಾಜ್. ಸುತ್ತುತ್ತಾ ಇರಲಿ."

"ಸುತ್ತುತ್ತೆ. ಆದ್ರೆ ಮುದುಕಿ ಆಗ್ತಾ ಇರುತ್ತೆ, ನಿಧಾನಕ್ಕೆ."

ಮೇಲಿನ ಮೆಟ್ಟಿಲ ಕಡೆ ಕಿವಿ ಕೊಟ್ಟುಕೊಂಡೇ ಇಬ್ಬರೂ ಪಾಳಿ ಮುಗಿಸಿದರು.

ಬೆಳಗ್ಗೆ ಜಯಶೀಲಾ ಮನೆ ಸೇರಿದಾಗ ಅತ್ತೆ ಮುನಿಚೌಡಮ್ಮ ಹೊಸ್ತಿಲು ತೊಳೆದು ಅರಿಶಿನ ಹಚ್ಚುತ್ತಿದ್ದಳು. ಮೊಮ್ಮಗಳು ಬಿಂದು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು.

"ಯಾಕಮ್ಮೀ, ಮುಖ ಹಿಂಗೈತೆ?" ಎಂದಳು ಅತ್ತೆ.

"ಒಂದು ಹುಡುಗಿ ಬರಬೇಕಿತ್ತು ಅತ್ತೆ, ಬರಲಿಲ್ಲ. ಕಣ್ಣಿಂದು. ಇವತ್ತು ತಪ್ಪಿದ್ರೆ ಕಣ್ಣೇ ಹೋಗುತ್ತೆ. ಏನಾಯ್ತೋ ಏನೋ, ಫೋನೂ ಇಲ್ಲ."

"ಯಾವತ್ತು ಬಾ ಅಂದಿದ್ರಿ?"

"ಶುಕ್ರವಾರ ರಾತ್ರಿ ಒಂದು ಗಂಟೆಗೆ."

ಮುನಿಚೌಡಮ್ಮ ಅರಿಶಿನದ ಕೈ ಎತ್ತಿಹಿಡಿದು ಸೊಸೆಯನ್ನು ನೋಡಿದಳು. "ಇವತ್ತೇನು ವಾರ?"

"ಶುಕ್ರವಾರ."

"ಈಗೇನು ಹೊತ್ತು?"

"ಬೆಳಗ್ಗೆ."

"ಮತ್ತೆ ಇನ್ನೂ ರಾತ್ರಿನೇ ಆಗಿಲ್ವಲ್ಲೇ. ಬರ್ತಾರೆ ಬಿಡು. ಯಾಕೆ ಹಂಗೆ ಹಾರಾಡ್ತೀಯ?"

"ಅಯ್ಯೋ, ಅದಲ್ಲ ಅತ್ತೆ. ರಾತ್ರಿ ಹನ್ನೆರಡು ಹೊಡೆದ ಮೇಲೆ ಶುಕ್ರವಾರ ಅಲ್ವಾ, ಆಮೇಲೆ ಒಂದು ಗಂಟೆಗೆ..."

"ಸೂರ್ಯ ಹುಟ್ಟದೆ ಶುಕ್ರವಾರ ಹೆಂಗಾಗ್ತದೆ? ನೆನ್ನೆ ರಾತ್ರಿ ಗುರುವಾರದ ರಾತ್ರಿ. ಶುಕ್ರವಾರದ ರಾತ್ರಿ ಇವತ್ತು. ನಾನೇ ಆಗಿದ್ರೂ ಇವತ್ತೇ ಬರ್ತಿದ್ದೆ."

ಜಯಶೀಲಾ ಭುಜದಿಂದ ಚೀಲ ಇಳಿಸುವುದನ್ನೂ ಮರೆತು ನಿಂತಳು. ಅವಳೂ ಇದೇ ಊರಿನಲ್ಲಿ ಹುಟ್ಟಿದವಳು. ಗೆಳತಿಯ ಮದುವೆಯ ಬಸ್ಸು ಶನಿವಾರ ರಾತ್ರಿ ಹನ್ನೆರಡೂವರೆಗೆ ಹೊರಡುತ್ತದೆ ಎಂದರೆ ತಾನೂ ಶನಿವಾರ ಊಟ ಮಾಡಿಕೊಂಡೇ ಹೋಗಿ ನಿಲ್ಲುತ್ತಿದ್ದವಳು. ಕಂಪ್ಯೂಟರಿನ ಮುಂದೆ ಕೂತ ಮೇಲೆ ಅದು ಹೇಗೆ ಮರೆತುಹೋಯಿತೋ.

ಅಲ್ಲೇ ಹೊಸ್ತಿಲ ಹೊರಗೆ ನಿಂತು ಫೋನು ಮಾಡಿದಳು. ಈ ಸಲ ರಿಂಗಾಯಿತು. ಹಿಂದೆ ಹರಾಜಿನ ಕೂಗು, ಕ್ರೇಟುಗಳ ಸದ್ದು. ಮೋನಿಷಾಳ ಅಪ್ಪ ಸೊಣ್ಣಪ್ಪ ಟೊಮೇಟೊ ಮಂಡಿಯಲ್ಲಿದ್ದ. ಲಾರಿ ಅವನದೇ, ಓಡಿಸುವವನೂ ಅವನೇ.

"ಹೂಂ ಮೇಡಂ, ಇವತ್ತು ರಾತ್ರಿ ಬರ್ತಾ ಇದೀವಿ. ಮರ್ತಿಲ್ಲ. ಮಾತ್ರೆನೂ ಕೊಟ್ಟಾಯ್ತು. ಇಪ್ಪತ್ನಾಲ್ಕು ಗಂಟೆ ಅಂದಿದ್ರಲ್ಲ, ಒಂದು ಗಂಟೆಗೆ ಕರೆಕ್ಟಾಗಿ ಎಬ್ಬಿಸಿ ಕೊಟ್ಟೆ. ಅಳ್ತಾ ಇದ್ಲು, ಬಿಡಲಿಲ್ಲ. ಕರೆಂಟ್ ಇರಲಿಲ್ಲ, ಫೋನು ಸತ್ತೋಗಿತ್ತು. ಪಕ್ಕದ ಮನೇಲಿ ಟೈಮು ಕೇಳ್ಕೊಂಡು ಬಂದೆ."

ಹಾಗಾದರೆ ಇಲ್ಲಿ ತಾವು ಮೆಟ್ಟಿಲ ಸದ್ದಿಗೆ ಕಾಯುತ್ತಿದ್ದ ಅದೇ ಗಳಿಗೆಯಲ್ಲಿ ಅಲ್ಲಿ ಅವನು ಮಗಳನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸುತ್ತಿದ್ದ. ಜಯಶೀಲಾ ಭುಜದ ಚೀಲವನ್ನು ಸರಿಪಡಿಸಿಕೊಂಡಳು. "ಫೋನು ಆನ್ ಇಟ್ಟಿರಿ ಸೊಣ್ಣಪ್ಪ, ಮತ್ತೆ ಮಾಡ್ತೀನಿ" ಎಂದು ಬಂದ ದಾರಿಯಲ್ಲೇ ತಿರುಗಿದಳು. "ಕಾಫಿ!" ಎಂದು ಅತ್ತೆ ಕೂಗಿದ್ದು ಹಿಂದೆ ಉಳಿಯಿತು.

ಡಾಕ್ಟರ್ ಇಂದುಧರ ಕೊಠಡಿಗೇ ಇಳಿದು ಬಂದರು. ಲೆಕ್ಕ ಸರಳವಾಗಿತ್ತು, ಅದೇ ಕಷ್ಟ. ಮಾತ್ರೆ ಕೆಲಸ ಮಾಡಿರಬೇಕಾದರೆ ಈ ರಾತ್ರಿ ಒಂದು ಗಂಟೆಗೆ ಮುಂಚೆ ಸೂಜಿ ಹಾಕುವಂತಿಲ್ಲ. ಅಂದರೆ ಗೊಂಚಲು ಒಟ್ಟು ಒಂದು ದಿನ ಹೆಚ್ಚಿಗೆ ಸುತ್ತಬೇಕು. ಒಂದು ದಿನಕ್ಕೆ ಒಳಗಿನ ಗಡಿಯಾರದಲ್ಲಿ ನಲವತ್ತೆಂಟು ನಿಮಿಷ.

"ನನಗೆ ಮೂವತ್ತೈದು ನಿಮಿಷದ ಒಳಗೆ ಬೇಕು" ಎಂದರು ಡಾಕ್ಟರು. "ಅದರ ಮೇಲೆ ಹೋದರೆ ಉಳಿದಿರೋ ಪರಮಾಣು ಸಾಲೋದಿಲ್ಲ. ಗಡ್ಡೆ ಅರ್ಧ ಸುಟ್ಟು ಮತ್ತೆ ಚಿಗುರುತ್ತೆ."

"ಈಗಾಗಲೇ ಹತ್ತಿರ ಹತ್ತಿರ ಇಪ್ಪತ್ತು ಖರ್ಚಾಗಿದೆ" ಎಂದಳು ಜಯಶೀಲಾ. ಆಗ ಹಗಲು ಹತ್ತೂವರೆ. "ಇನ್ನು ಹದಿನಾಲ್ಕೂವರೆ ಗಂಟೆ ಇದೆ. ಹೀಗೇ ಬಿಟ್ಟರೆ ಇನ್ನೂ ಇಪ್ಪತ್ತೊಂಬತ್ತು ನಿಮಿಷ ಹೋಗುತ್ತೆ."

ನಯಾಜ್ ಮೆಸೇಜನ್ನು ಓದಿ ಓದಿ ನಗುತ್ತಿದ್ದ, ನಗಬಾರದಿತ್ತು ಎಂಬಂತೆ. "ನಮ್ಮನೇಲಿ ಗುರುವಾರ ಸಂಜೆ ಸೂರ್ಯ ಮುಳುಗಿದ್ರೆ ಶುಕ್ರವಾರ ಸುರು. ಈ ಮೆಸೇಜು ನಮ್ಮ ಅಮ್ಮಿಗೆ ಬಂದಿದ್ರೆ ಕರೆಕ್ಟಾಗಿ ಬಂದು ಕೂತಿರ್ತಿದ್ರು. ನಿಮ್ಮತ್ತೆಗೆ ಸೂರ್ಯ ಹುಟ್ಟಬೇಕು. ಕಂಪ್ಯೂಟ್ರಿಗೆ ಇದೂ ಇಲ್ಲ ಅದೂ ಇಲ್ಲ, ನಡುರಾತ್ರಿ."

"ಒಂದೇ ಶುಕ್ರವಾರ, ಮೂರು ಕಡೆಯಿಂದ ಸುರು" ಎಂದಳು ಜಯಶೀಲಾ. ಗೋಡೆಯ ಮೇಲೆ ಸೋಮಾರಿ ಮುಳ್ಳು ಟಕ್ಕೆಂದಿತು. ನಾಲ್ಕನೆಯದು ಅಲ್ಲೇ ಇತ್ತು. ಗುರುವಾರ ಮಧ್ಯಾಹ್ನ ಉಂಗುರಕ್ಕೆ ಇಳಿದಿದ್ದ ಆ ಗೊಂಚಲಿಗೆ ಇನ್ನೂ ಆ ಮಧ್ಯಾಹ್ನವೇ ಮುಗಿದಿರಲಿಲ್ಲ.

"ನಯಾಜ್, ಇನ್ನೂ ಜೋರಾಗಿ ಓಡಿಸಿದರೆ?"

ಅವನ ನಗೆ ನಿಂತಿತು.

ವೇಗ ಹೆಚ್ಚಿಸಬಹುದಾದದ್ದು ಕೂದಲೆಳೆಯಷ್ಟು. ಕಿಲೋಮೀಟರಿಗೆ ಒಂದು ಮೊಳ ಹಿಂದಿದ್ದ ಗೊಂಚಲು ಒಂದು ಗೇಣಿಗೂ ಕಡಿಮೆ ಹಿಂದೆ ಬರಬೇಕು, ಅಷ್ಟೇ. ಆದರೆ ಬೆಳಕಿನ ಅಷ್ಟು ಹತ್ತಿರದಲ್ಲಿ ಕೂದಲೆಳೆಗೂ ಭಾರಿ ಬೆಲೆ. ಆ ಮೊಳ ಗೇಣಾಗುವುದರೊಳಗೆ ಗೊಂಚಲಿನ ವಯಸ್ಸಾಗುವ ಓಟ ಅರ್ಧಕ್ಕರ್ಧ ಇಳಿಯುತ್ತದೆ. ಒಂದು ಗಂಟೆಗೆ ಒಂದೇ ನಿಮಿಷ. ಅದಕ್ಕೆ ತೆರಬೇಕಾದ್ದು ಎರಡು ಪಟ್ಟು ಶಕ್ತಿ. ಅಷ್ಟು ಶಕ್ತಿಯ ಗೊಂಚಲನ್ನು ಉಂಗುರದಲ್ಲಿ ಬಾಗಿಸಿ ಹಿಡಿಯಲು ಕಾಂತಗಳೂ ಎರಡು ಪಟ್ಟು ಬಿಗಿಯಬೇಕು. ಕಾಂತದ ತಂತಿಗಳು ಕೆಲಸ ಮಾಡುವುದು ಕೊರೆಯುವ ಚಳಿಯಲ್ಲಿ. ಎಲ್ಲಾದರೂ ಒಂದು ಕಡೆ ಚೂರು ಬೆಚ್ಚಗಾದರೆ ಇಡೀ ಕಾಂತ ಕೈಬಿಡುತ್ತದೆ, ಗೊಂಚಲು ಗೋಡೆಗೆ ಬಡಿದು ಮುಗಿಯುತ್ತದೆ.

"ಖಾಲಿ ಉಂಗುರದಲ್ಲಿ ಮೂರು ಸಲ ಅಷ್ಟೆತ್ತರಕ್ಕೆ ಹೋಗಿದೀವಿ ಅಕ್ಕಾ. ಎರಡು ಸಲ ಕೈಕೊಡ್ತು" ಎಂದ ನಯಾಜ್.

"ಇದು ನಾವು ಮೂರು ಜನ ತೀರ್ಮಾನ ಮಾಡೋದಲ್ಲ" ಎಂದು ಡಾಕ್ಟರು ಫೋನು ತೆಗೆದು ಮೇಜಿನ ನಡುವೆ ಇಟ್ಟರು. ಸ್ಪೀಕರಿನಲ್ಲಿ ಮಂಡಿಯ ಗದ್ದಲ ಕೊಠಡಿಯೊಳಗೆ ನುಗ್ಗಿತು.

ಜಯಶೀಲಾ ಎಲ್ಲವನ್ನೂ ಹೇಳಿದಳು, ಮೆಸೇಜಿನ ತಪ್ಪಿನಿಂದ ಹಿಡಿದು. ಮುಗಿದ ಮೇಲೆ ಸೊಣ್ಣಪ್ಪ ಮೊದಲು ಕೇಳಿದ್ದು ಬೇರೆಯೇ.

"ಓಡ್ತಾ ಇದ್ರೆ ಕೆಡಲ್ಲ ಅಂತೀರಲ್ಲ ಮೇಡಂ, ಅದೆಂಗೆ? ನಾವು ಡೆಲ್ಲಿಗೆ ಹಾಕೋ ಟೊಮೇಟೊ ಕಾಯಿರೋವಾಗ್ಲೇ ಕೀಳ್ತೀವಿ. ಲಾರೀಲಿ ಓಡ್ತಾ ಓಡ್ತಾನೇ ಹಣ್ಣಾಗೋದು."

"ನಿಮ್ಮ ಲಾರಿನೂ ಇದರಷ್ಟೇ ಜೋರಾಗಿ ಓಡಿದ್ರೆ ಡೆಲ್ಲೀಲಿ ಕಾಯೇ ಇಳಿಸಬೇಕಾಗ್ತಿತ್ತು ಸೊಣ್ಣಪ್ಪ. ಎಷ್ಟು ಜೋರು ಓಡುತ್ತೋ ಅಷ್ಟು ನಿಧಾನ ಹಣ್ಣಾಗೋದು."

"ಹಂಗಾದ್ರೆ ಅಲ್ಲಿ ಮಂಡಿಯೋನು ಲೋಡು ವಾಪಸ್ ಕಳಿಸ್ತಾನೆ" ಎಂದ. ನಕ್ಕನೋ ಏನೋ, ಗದ್ದಲದಲ್ಲಿ ಗೊತ್ತಾಗಲಿಲ್ಲ. ಆಮೇಲೆ ದನಿ ಬದಲಾಯಿತು. "ಜೋರು ಮಾಡದೆ ಹೋದ್ರೆ?"

"ಆ ಕಣ್ಣು ಉಳಿಸೋದು ಕಷ್ಟ" ಎಂದರು ಡಾಕ್ಟರು.

"ಮಾಡಿ ಕೈಕೊಟ್ರೆ?"

"ಹಾಕೋಕೆ ಔಷಧಿನೇ ಇರಲ್ಲ. ಕಣ್ಣು ಹೋಗುತ್ತೆ. ಜೋರು ಮಾಡದೆ ಹಾಗೇ ಹಾಕಿದ್ರೆ ಒಂದೆರಡು ವಾರವಾದರೂ ಮುಂದಕ್ಕೆ ಹೋಗಬಹುದು. ಅದೂ ಖಂಡಿತ ಅಂತ ಹೇಳಲಾರೆ."

ಹರಾಜಿನವನ ಕೂಗು ಏರಿತು, ಇಳಿಯಿತು. ಯಾರೋ ಸೊಣ್ಣಪ್ಪನನ್ನು ಕರೆದರು. "ತಡಿಯೋ" ಎಂದು ಅವನು ಗದರಿದ್ದು ಕೇಳಿಸಿತು.

"ಎರಡು ಸಲ ಕೈಕೊಡ್ತು ಅಂದ್ರಿ. ಮೂರನೇ ಸಲ ನಿಂತಿತಲ್ಲ, ಅವಾಗ ಏನು ಬೇರೆ ಮಾಡಿದ್ರಿ?"

ಜಯಶೀಲಾ ನಯಾಜ್‌ನನ್ನು ನೋಡಿದಳು. ನಯಾಜ್ ಫೋನಿಗೆ ಬಾಗಿದ. "ನಿಧಾನಕ್ಕೆ ಏರಿಸಿದ್ವಿ ಅಣ್ಣ. ಒಂದು ಗಂಟೆ ತಗೊಂಡು. ಮೊದಲೆರಡು ಸಲ ಅವಸರ ಮಾಡಿದ್ವಿ."

"ಹಂಗೇ ಏರಿಸಪ್ಪ. ಅವಸರ ಮಾಡಬ್ಯಾಡ." ಆಮೇಲೆ, "ಕೈಕೊಟ್ರೂ ಫೋನು ಮಾಡಿ. ಮಾಡದೆ ಇರಬ್ಯಾಡಿ" ಎಂದು ಸೇರಿಸಿದ.

ಹನ್ನೊಂದಕ್ಕೆ ಶುರು ಮಾಡಿದರು. ನೋಡುವವರಿಗೆ ಅಲ್ಲಿ ಏನೂ ಇರಲಿಲ್ಲ. ಪರದೆಯ ಮೇಲೆ ಒಂದು ಗೆರೆ, ಇರುವೆ ಗೋಡೆ ಹತ್ತಿದ ಹಾಗೆ. ಕಾಂತಗಳ ತಾಪದ ಪಟ್ಟಿ ಅದರ ಪಕ್ಕ. ಅರ್ಧ ದಾರಿ ಏರಿದ ಮೇಲೆ ಒಂದು ಕಾಂತದ ತಾಪ ಮೆಲ್ಲಗೆ ತಲೆ ಎತ್ತಿತು.

"ನಿಲ್ಲಿಸಲಾ?" ಎಂದ ನಯಾಜ್, ಬೆರಳು ಗುಂಡಿಯ ಮೇಲಿಟ್ಟು.

"ನಿಲ್ಲಿಸು. ಇಳಿಸಬೇಡ."

ಏರಿಕೆ ಅಲ್ಲೇ ನಿಂತಿತು. ಗೊಂಚಲು ಸುತ್ತುತ್ತಿತ್ತು. ತಾಪ ಇನ್ನೊಂದು ಕೂದಲು ಮೇಲೆ ಹೋಯಿತು. ನಯಾಜ್ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. ಜಯಶೀಲಾ ಪರದೆ ಬಿಟ್ಟು ಸೋಮಾರಿ ಗಡಿಯಾರವನ್ನೇ ನೋಡುತ್ತಿದ್ದಳು. ಇಲ್ಲಿ ಕಾದಷ್ಟೂ ಅಲ್ಲಿ ಖರ್ಚು. ಮುಳ್ಳು ಹೆಜ್ಜೆ ಇಟ್ಟಿತು. ಮತ್ತೆ ಇಟ್ಟಿತು. ಎಷ್ಟೋ ಹೊತ್ತಿನ ಮೇಲೆ ತಾಪ ತಲೆ ತಗ್ಗಿಸಿತು.

"ನಡೆಸಲಾ?"

"ಮೆಲ್ಲಗೆ."

ಗೆರೆ ತುದಿ ಮುಟ್ಟಿ ಅಡ್ಡ ಮಲಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂವರೂ ಗೋಡೆಯ ಕಡೆ ತಿರುಗಿದರು. ನಮ್ಮ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂತು. ಗೊಂಚಲಿನದು ಅಲ್ಲಾಡಲಿಲ್ಲ. ಮುಕ್ಕಾಲು ಸುತ್ತು, ಅಲ್ಲಾಡಲಿಲ್ಲ. ಪೂರ್ತಿ ಸುತ್ತು ಮುಗಿಯುವ ಹೊತ್ತಿಗೆ ಟಕ್ಕೆಂದಿತು.

"ಅಲ್ಲಾ!" ಎಂದು ನಯಾಜ್ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದ.

ಸಂಜೆ ಎರಡು ತಾಸಿನ ಮಟ್ಟಿಗೆ ಜಯಶೀಲಾಳನ್ನು ಮನೆಗೆ ಅಟ್ಟಿದರು. ಬಿಂದು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾ ಅಮ್ಮ ಹೇಳಿದ್ದನ್ನೆಲ್ಲಾ ಕೇಳಿದಳು. ಆಮೇಲೆ, "ಅಮ್ಮಾ, ನೀನೂ ಬೆಳಗ್ಗಿಂದ ಓಡ್ತಾನೇ ಇರ್ತೀಯಲ್ಲ, ನಿಂಗೂ ವಯಸ್ಸಾಗಲ್ವಾ?" ಎಂದಳು.

"ಆಗ್ತದೆ ಬಿಡೇ" ಎಂದಳು ಮುನಿಚೌಡಮ್ಮ. "ನಿಮ್ಮಮ್ಮ ಟೊಮೇಟೊ ಲಾರಿ."

"ಒಂಚೂರು ಕಮ್ಮಿ ಆಗುತ್ತೆ ಪುಟ್ಟಾ, ನಿಜವಾಗ್ಲೂ" ಎಂದಳು ಜಯಶೀಲಾ. "ಆದ್ರೆ ನೂರು ವರ್ಷ ಓಡಿದ್ರೂ ಒಂದು ಸಲ ರೆಪ್ಪೆ ಬಡಿಯೋದರಲ್ಲಿ ಲಕ್ಷದ ಒಂದು ಪಾಲೂ ಉಳಿಯಲ್ಲ."

ಬಿಂದು ನಕ್ಕಳು. ಮುಂದಿನ ಹಲ್ಲು ಇರಲಿಲ್ಲ.

"ಹಲ್ಲು ಯಾವಾಗ ಬಿತ್ತು?"

"ಮೊನ್ನೆನೇ!"

ಜಯಶೀಲಾ ಮಗಳ ಗಲ್ಲ ಹಿಡಿದು ಆ ಖಾಲಿ ಜಾಗವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ತಳದಲ್ಲಿ ಆಗಲೇ ಹೊಸದರ ಬಿಳಿ ಅಂಚು ಕಾಣುತ್ತಿತ್ತು.

ಸೊಣ್ಣಪ್ಪ ಒಂದು ಗಂಟೆಗೆ ಕಾಯಲಿಲ್ಲ. ಹತ್ತಕ್ಕೇ ಖಾಲಿ ಕ್ರೇಟುಗಳ ಲಾರಿ ಗೇಟಿನ ಮುಂದೆ ನಿಂತಿತ್ತು. ಮೋನಿಷಾ ಸೀಟಿನಿಂದ ಹಾರಿ ಇಳಿದಳು. ಎಡಗಣ್ಣು ಮುಂದಕ್ಕೆ ಉಬ್ಬಿತ್ತು, ಆ ಕಡೆಯಿಂದ ಯಾರು ಬಂದರೂ ಕತ್ತನ್ನು ಪೂರ್ತಿ ತಿರುಗಿಸಬೇಕಾಗಿತ್ತು. ಅಪ್ಪ ಅವಳ ಎಡಕ್ಕೇ ನಡೆಯುತ್ತಿದ್ದ.

ಹೊತ್ತಾದಾಗ ಗೊಂಚಲನ್ನು ಏರಿಸಿದಷ್ಟೇ ಜೋಪಾನವಾಗಿ ಇಳಿಸಿದರು, ಹಿಡಿದರು, ಮೇಲಕ್ಕೆ ಕಳಿಸಿದರು. ಒಳಗಿನ ಗಡಿಯಾರ ಹಿಂದಿನ ರಾತ್ರಿಯಿಂದ ಮೂವತ್ತನಾಲ್ಕು ನಿಮಿಷ ಚಿಲ್ಲರೆ ನಡೆದು ನಿಂತಿತ್ತು. ಡಾಕ್ಟರು ಸೂಜಿಯನ್ನು ಅಳತೆಯ ಪೆಟ್ಟಿಗೆಯೊಳಗೆ ಇಟ್ಟು ಅಂಕಿ ನೋಡಿದರು. ಸ್ಪೀಕರಿನಲ್ಲಿ ಕೆಳಗಿನವರಿಗೆ ಒಂದೇ ಮಾತು ಕೇಳಿಸಿತು.

"ಸಾಕು."

ಆರು ವಾರ ಕಳೆಯಿತು. ಅಷ್ಟರಲ್ಲಿ ಮೆಸೇಜು ಬದಲಾಗಿತ್ತು. ಜಯಶೀಲಾ ಬರೆದು, ಅತ್ತೆಗೂ ನಯಾಜ್‌ನ ಅಮ್ಮನಿಗೂ ಓದಿ ಹೇಳಿ, ಇಬ್ಬರೂ ಒಂದೇ ರಾತ್ರಿಯನ್ನು ತೋರಿಸುವವರೆಗೆ ತಿದ್ದಿದ್ದಳು: "ಶುಕ್ರವಾರ ಹಗಲು ಕಳೆದು, ರಾತ್ರಿ ಊಟವಾದ ಮೇಲೆ ಮಲಗದೆ ಬನ್ನಿ. ಒಂದು ಗಂಟೆಗೆ ಸೂಜಿ."

ತಪಾಸಣೆಗೆ ಬಂದ ಮೋನಿಷಾ ಗಾಣ ನೋಡಬೇಕೆಂದು ಹಟ ಹಿಡಿದಳು. ಗಡ್ಡೆ ಕಡಲೆಕಾಳಿನಷ್ಟಾಗಿದೆ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು, ಸೊಣ್ಣಪ್ಪ ಯಾವುದಕ್ಕೂ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಕೊಠಡಿಯಲ್ಲಿ ಹುಡುಗಿ ಪರದೆಗಳನ್ನು ಬಿಟ್ಟು ನೇರ ಗೋಡೆಯ ಮುಂದೆ ಹೋಗಿ ನಿಂತಳು. ಹೊಸ ಹಡಗು ಬಂದಿತ್ತು, ಬೇರೆ ಯಾರದೋ ಗೊಂಚಲು ಸುತ್ತುತ್ತಿತ್ತು.

"ಆಂಟಿ, ನಾನು ಒಂದು ದಿನ ಲೇಟಾಗಿ ಬಂದೆ ಅಲ್ವಾ? ನನ್ ಔಷಧಿಗೆ ಕಾದು ಕಾದು ಬೇಜಾರಾಯ್ತಾ?"

"ಅದಕ್ಕೆಲ್ಲಿ ಒಂದು ದಿನ? ಅದರ ಲೆಕ್ಕದಲ್ಲಿ ನೀನು ಒಂದು ಅರ್ಧ ಗಂಟೆ ಲೇಟು. ನಿಮ್ಮಪ್ಪ ದಾರೀಲಿ ಟೀ ಕುಡಿಯೋಕೆ ಲಾರಿ ನಿಲ್ಲಿಸ್ತಾರಲ್ಲ, ಅಷ್ಟು."

"ಅಪ್ಪ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸ್ತಾನೆ." ಹುಡುಗಿ ಇನ್ನೂ ಗಡಿಯಾರವನ್ನೇ ನೋಡುತ್ತಿದ್ದಳು. "ಇದು ನಿಂತೋಗೈತೆ."

"ನಿಂತಿಲ್ಲ. ನೋಡ್ತಾ ಇರು."

ಮೋನಿಷಾ ಬಲಗಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ಎಡಗಣ್ಣನ್ನು ಅಗಲಿಸಿ, ಉಸಿರು ಹಿಡಿದು ನಿಂತಳು. ಸೊಣ್ಣಪ್ಪ ಅವಳ ಹತ್ತಿರಕ್ಕೆ ಬಂದ. ನಯಾಜ್ ಕುರ್ಚಿ ತಿರುಗಿಸಿ ಕೂತ.

"ಅಲ್ಲಾಡ್ತು!" ಎಂದು ಕಿರುಚಿದಳು ಹುಡುಗಿ. "ಅಪ್ಪಾ, ಅಲ್ಲಾಡ್ತು, ನಾನು ನೋಡ್ದೆ!"